ಕೇಪಿನ ಕೋವಿಯ ನಳಿಗೆಗೆ ರಬ್ಬರ್ ಆಸಿಡ್ ಹಾಕಬೇಡಿ

ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಅಡಿಕೆ ತೋಟಕ್ಕೆ ಹಂದಿ ಬರುತ್ತದೆ ಎಂದು ಅಜ್ಜನ ಕಾಲದ ಕೇಪಿನ ಕೋವಿ (ಬಾಯಿಯಿಂದ ಕರಿಮದ್ದು, ಗುಂಡು ತುಂಬಿ, ಬುಡದಲ್ಲಿ ಕೇಪು ಎಂಬ ಸಣ್ಣ ಸಿಡಿಯುವ ಟೊಪ್ಪಿ ಇಟ್ಟು ಹೊಡೆಯುವ ಕೋವಿ) ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ನಮ್ಮ ಮನೆಯ ಕೋವಿಯನ್ನು ನಾನೇ ಹಾಳು ಮಾಡಿದೆ.

2024ರ ಲೋಕಸಭಾ ಚುನಾವಣೆಗೆ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದೆ. ಕೊಡುವ ಮೊದಲು ಸೀಮೆಎಣ್ಣೆ ಬಟ್ಟೆಯಲ್ಲಿ ಒಂದು ಸಲ ನಳಿಗೆ ಒರೆಸಿದ್ದೆ, ಅಷ್ಟೇ. ಜೂನ್ 4ಕ್ಕೆ ಮತ ಎಣಿಕೆ ಮುಗಿದು ಕೋವಿ ವಾಪಸ್ ಸಿಗುವಾಗ ಮಳೆ ಹಿಡಿದಿತ್ತು, ನಳಿಗೆಯ ಒಳಗೆಲ್ಲ ಕೆಂಪು ತುಕ್ಕು. ಠಾಣೆಯವರ ತಪ್ಪಲ್ಲ ಅದು. ಕರಿಮದ್ದು ಉರಿದ ಮಸಿಯಲ್ಲಿ ಉಪ್ಪಿನ ಅಂಶ ಇರುತ್ತದೆ, ಗಾಳಿಯ ತೇವವನ್ನು ಅದು ಎಳೆದುಕೊಳ್ಳುತ್ತದೆ. ಸೀಮೆಎಣ್ಣೆಗೆ ಅದು ಕರಗುವುದಿಲ್ಲ, ನೀರೇ ಬೇಕು.

ಆಗ ಪರಿಚಯದವರೊಬ್ಬರು ಹೇಳಿದರು, "ಭಾವ, ಶೀಟಿಗೆ ಹಾಕುವ ಆಸಿಡ್ ಎರೆದು ಒಂದು ರಾತ್ರಿ ಇಡಿ, ಕನ್ನಡಿ ಹಾಗೆ ಆಗ್ತದೆ." ರಬ್ಬರ್ ಹಾಲು ಗಟ್ಟಿ ಮಾಡುವ ಫಾರ್ಮಿಕ್ ಆಸಿಡ್ ಮನೆಯಲ್ಲೇ ಇತ್ತು. ಕೇಪು ಕೂರಿಸುವ ನಿಪ್ಪಲಿನ ತೂತಿಗೆ ಮೇಣ ಒತ್ತಿ ಎರೆದೆ. ತುಕ್ಕು ಹೋಯಿತು, ನಿಜ. ಆದರೆ ತುಕ್ಕು ತಿಂದ ಆಸಿಡ್ ಕಬ್ಬಿಣವನ್ನೂ ತಿನ್ನುತ್ತದೆ, ಒಳಗೆಲ್ಲ ಬೂದು ಬಣ್ಣ, ಸಣ್ಣ ಸಣ್ಣ ಗುಳಿ. ಅದನ್ನು ನುಣುಪು ಮಾಡಲು ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಸರಳಿಗೆ ಎಮರಿ ಬಟ್ಟೆ ಸುತ್ತಿ ಡ್ರಿಲ್ಲಿಗೆ ಕೊಟ್ಟು ತಿರುಗಿಸಿದರು. ಸರಳು ಬಳುಕಿ ಬಾಯಿಯ ಒಂದೇ ಬದಿ ಸವೆಯಿತು, ಮದ್ದು ಉರಿಯುವ ಬುಡಕ್ಕೆ ಎಮರಿ ಮುಟ್ಟಲೇ ಇಲ್ಲ. ಅವರಿಗೆ ಕೋವಿ ರಿಪೇರಿಯ ಲೈಸೆನ್ಸ್ ಇರಲಿಲ್ಲ ಎಂಬುದನ್ನು ನಾನು ಆಗ ಯೋಚಿಸಿಯೂ ಇರಲಿಲ್ಲ.

ಒಂದು ವಾರದ ನಂತರ ನಿಪ್ಪಲಿನ ಸುತ್ತ ಕಂದು ನೀರು ಜಿನುಗಿತು. ಹೆದರಿಕೆಯಾಗಿ ಲೈಸೆನ್ಸ್ ಇರುವ ಕೋವಿ ರಿಪೇರಿಯವರಲ್ಲಿಗೆ ಒಯ್ದೆ. ನಳಿಗೆಯ ಹಿಂಬದಿ ಮುಚ್ಚುವ ದಪ್ಪ ತಿರುಪನ್ನು ಅವರು ಬಿಚ್ಚಿ ತೋರಿಸಿದರು. ತೊಳೆದರೂ ತಿರುಪಿನ ಮರೆಗಳಲ್ಲಿ, ಅಂದರೆ ಅದರ ಸುರುಳಿ ಗೆರೆಗಳಲ್ಲಿ, ಆಸಿಡ್ ಉಳಿದಿತ್ತು, ಮರೆಗಳು ಅರ್ಧ ಕರಗಿದ್ದವು. ಈಡು ಹಾಕಿದ್ದರೆ ಆ ತಿರುಪು ಕಿತ್ತು ಹಿಂದಕ್ಕೆ, ನನ್ನ ಮುಖಕ್ಕೇ ಬರಬಹುದಿತ್ತು. ಆ ದಿನ ರಾತ್ರಿ ನಿದ್ದೆ ಬರಲಿಲ್ಲ.

ಮಾಡಬೇಕಾಗಿದ್ದದ್ದು ಇಷ್ಟೇ. ಮೊದಲು ಕೇಪು ತೆಗೆದು, ಬಾಯಿಯನ್ನು ಜನ ಇಲ್ಲದ ಕಡೆ ತಿರುಗಿಸಿ ಗಜ (ಮದ್ದು ಗಟ್ಟಿಸುವ ಉದ್ದ ಸರಳು) ಇಳಿಸಬೇಕು. ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಗಜವನ್ನು ಹೊರಗೆ ನಳಿಗೆಯ ಪಕ್ಕ ಹಿಡಿದು ನೋಡಬೇಕು, ತುದಿ ನಿಪ್ಪಲಿನ ಹತ್ತಿರ ಬರದಿದ್ದರೆ ಒಳಗೆ ಮದ್ದೋ ಗುಂಡೋ ಇದೆ ಎಂದೇ ಅರ್ಥ, ಹಾಗಿದ್ದರೆ ನೀವು ಕೈ ಹಾಕಬೇಡಿ. ಖಾಲಿ ಇದ್ದರೆ ಕುದಿನೀರು ಎರೆಯಿರಿ, ನಳಿಗೆ ಬಿಸಿಯಾಗಿ ಬೇಗ ಒಣಗುತ್ತದೆ. ಬಟ್ಟೆ ಬಿಳಿಯಾಗಿ ಬರುವವರೆಗೆ ಒರೆಸಿ ತೆಳುವಾಗಿ ಎಣ್ಣೆ ಸವರಿ. ತುಕ್ಕು ಇದ್ದರೆ ಎಣ್ಣೆಯಲ್ಲಿ ಅದ್ದಿದ ನಯವಾದ ಸ್ಟೀಲ್ ವುಲ್ ಸಾಕು, ಅದೂ ಕೈಯಲ್ಲೇ. ಕೆಂಪು ಹೋದರೆ ನಿಲ್ಲಿಸಿ. ಗುಳಿ ಇದ್ದರೆ ಇರಲಿ, ಹೊಳಪು ಯಾಕೆ ಬೇಕು ಅಲ್ವಾ?

ನಿಮ್ಮ ಕೋವಿಗೆ ಯಾವತ್ತಾದರೂ ಯಾರಾದರೂ ಆಸಿಡ್ ಎರೆದದ್ದು ಗೊತ್ತಿದ್ದರೆ, ಎಷ್ಟು ವರ್ಷ ಆಗಿದ್ದರೂ ಸರಿ, ಹಿಂದಿನ ತಿರುಪು ತೆಗೆಸಿ ನೋಡುವವರೆಗೆ ಅದಕ್ಕೆ ಮದ್ದು ತುಂಬಬೇಡಿ.