ಕೀನ್ಯಾ ಕೇಳುವುದಿಲ್ಲ, ಭಾರತ ಕೇಳುತ್ತದೆ: ಯೆಲ್ಲೋ ಫೀವರ್ ಕಾರ್ಡಿಲ್ಲದೆ ಸಫಾರಿಗೆ ಹೊರಡಬೇಡಿ

ಟ್ರಾವೆಲ್ ಏಜೆಂಟ್ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ‘ಭಾರತದಿಂದ ನೇರವಾಗಿ ಬರುವವರನ್ನು ಕೀನ್ಯಾದಲ್ಲಿ ಯೆಲ್ಲೋ ಫೀವರ್ ಕಾರ್ಡ್ ಕೇಳುವುದಿಲ್ಲ ಸರ್, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ’ ಎಂದು ಆತ ನಮ್ಮ ಭಾವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳುಹಿಸಿದ್ದ. ಕಾರ್ಡ್ ಎಂದರೆ ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆ ಹಾಕಿಸಿಕೊಂಡದ್ದಕ್ಕೆ ಕೊಡುವ ಪ್ರಮಾಣಪತ್ರ. ನೈರೋಬಿಯಲ್ಲಿ ಇಳಿದಾಗ ನಿಜಕ್ಕೂ ಯಾರೂ ಕೇಳಲಿಲ್ಲ. ಕೇಳಿದ್ದು ವಾಪಸು ಬಂದಾಗ, ನಮ್ಮದೇ ದೇಶದ ವಿಮಾನ ನಿಲ್ದಾಣದಲ್ಲಿ. ಮಸಾಯಿ ಮಾರದ ಸಿಂಹಗಳನ್ನು ನೋಡಿ ಬಂದಿದ್ದ ನಾವು, ಅಂದರೆ ನಾನು, ನನ್ನ ಹೆಂಡತಿ, ಅಕ್ಕ ಮತ್ತು ಭಾವ, ಮನೆಯ ದಾರಿ ಹಿಡಿಯುವ ಬದಲು ಕ್ವಾರಂಟೈನ್ ಕೇಂದ್ರದ ವ್ಯಾನ್ ಹತ್ತಬೇಕಾಯಿತು.

ಆ ಮನುಷ್ಯ ಮುಚ್ಚಿಟ್ಟದ್ದು ವಾಕ್ಯದ ಉಳಿದರ್ಧವನ್ನು. ಭಾರತದಿಂದ ನೇರವಾಗಿ ಕೀನ್ಯಾಕ್ಕೆ ಹೋಗಲು ಆ ಕಾರ್ಡ್ ಬೇಡ. ಕೀನ್ಯಾದಿಂದ ಭಾರತಕ್ಕೆ ಬರಲು ಬೇಕು. ಭಾರತ ಸರ್ಕಾರದ ಹಳದಿ ಜ್ವರ ಪೀಡಿತ ದೇಶಗಳ ಪಟ್ಟಿಯಲ್ಲಿ ಕೀನ್ಯಾ, ಉಗಾಂಡ, ಇಥಿಯೋಪಿಯಾ, ನೈಜೀರಿಯಾ, ಘಾನಾ ಸೇರಿದಂತೆ ಆಫ್ರಿಕಾದ ಅನೇಕ ದೇಶಗಳೂ ಬ್ರೆಜಿಲ್, ಪೆರುವಿನಂತಹ ದಕ್ಷಿಣ ಅಮೆರಿಕದ ದೇಶಗಳೂ ಇವೆ. ಅಲ್ಲಿಂದ ಹೊರಟು 6 ದಿನಗಳೊಳಗೆ ಭಾರತದಲ್ಲಿ ಇಳಿಯುವವರ ಬಳಿ ಊರ್ಜಿತವಾದ ಲಸಿಕೆ ಪ್ರಮಾಣಪತ್ರ ಇರಲೇಬೇಕು. ಇಲ್ಲದಿದ್ದರೆ, ಆ 6 ದಿನ ತುಂಬುವವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗೆ ಇದೆ. ನೀವು ಭಾರತೀಯ ಪ್ರಜೆಯೇ, ವಿದೇಶಿಯೇ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪಾಸ್‌ಪೋರ್ಟ್ ತೋರಿಸಿ ‘ನನ್ನ ದೇಶಕ್ಕೆ ನನ್ನನ್ನು ಬಿಡುವುದಿಲ್ಲವೇ’ ಎಂದು ಗುಡುಗಿದರೂ ಪ್ರಯೋಜನವಿಲ್ಲ. ಭಾವ ಗುಡುಗಿ ನೋಡಿದರು.

ಅಲ್ಲಿದ್ದ ವೈದ್ಯಾಧಿಕಾರಿ ಕಟ್ಟುನಿಟ್ಟಿನವರು, ಆದರೆ ಸಿಡುಕಿನವರಲ್ಲ. ಅವರು ಕೊಟ್ಟ ವಿವರಣೆ ಕೇಳಿದ ಮೇಲೆ ನನ್ನ ಸಿಟ್ಟು ಅವರ ಮೇಲಿನಿಂದ ಇಳಿದು ಪೂರ್ತಿಯಾಗಿ ಏಜೆಂಟನ ಮೇಲೆ ಹೋಯಿತು. ಹಳದಿ ಜ್ವರದ ವೈರಸ್ ಭಾರತದಲ್ಲಿ ಇಲ್ಲ. ಆದರೆ ಅದನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಬೇಕಾದಷ್ಟಿದೆ. ಡೆಂಗಿ ಹರಡುವುದೂ ಇದೇ ಸೊಳ್ಳೆ. ಇಲ್ಲಿನ ಜನರಲ್ಲಿ ಈ ರೋಗದ ವಿರುದ್ಧ ಪ್ರತಿರೋಧ ಶಕ್ತಿಯೂ ಇಲ್ಲ. ಸೋಂಕು ತಗುಲಿದ ಒಬ್ಬ ಪ್ರಯಾಣಿಕನನ್ನು ಕಚ್ಚಿದ ಸೊಳ್ಳೆ ಮುಂದೆ ಎಷ್ಟು ಜನರನ್ನು ಕಚ್ಚೀತು ಎಂದು ಲೆಕ್ಕ ಹಾಕಿ ನೋಡಿ. ಸೋಂಕು ತಗುಲಿದ 3ರಿಂದ 6 ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ, ಆರು ದಿನಗಳ ಲೆಕ್ಕ ಹುಟ್ಟಿದ್ದು ಅಲ್ಲಿಂದ. ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ಉಲ್ಬಣಗೊಂಡ ಹಂತ ತಲುಪಿದವರಲ್ಲಿ ಸುಮಾರು ಅರ್ಧದಷ್ಟು ಜನ ಉಳಿಯುವುದಿಲ್ಲ.

ಸ್ವಾಗತ ಹೇಗಿರುತ್ತದೆ ಎಂದು ಹೇಳಿಬಿಡುತ್ತೇನೆ. ವಿಮಾನದಿಂದ ಇಳಿದು ಇಮಿಗ್ರೇಷನ್ ಸಾಲಿಗೆ ಹೋಗುವ ಮೊದಲೇ ಆರೋಗ್ಯ ಕೌಂಟರ್ ಇದೆ. ನೈರೋಬಿಯಿಂದ ಬಂದವರು ಒಬ್ಬೊಬ್ಬರಾಗಿ ಹಳದಿ ಬಣ್ಣದ ಪುಟ್ಟ ಪುಸ್ತಿಕೆ ತೆರೆದು ತೋರಿಸುತ್ತ ಮುಂದೆ ಸಾಗಿದರು. ಕೊನೆಯಲ್ಲಿ ಉಳಿದವರು ನಾವು ಮತ್ತು ಇನ್ನೂ ಕೆಲವರು. ಫಾರಂ ತುಂಬಿಸಿದರು, ಜ್ವರ ನೋಡಿದರು, ಬ್ಯಾಗುಗಳ ಸಮೇತ ಕೇಂದ್ರಕ್ಕೆ ಕರೆದೊಯ್ದರು. ಅಲ್ಲಿ ಒಂದರ ಹಿಂದೆ ಒಂದರಂತೆ ಎರಡು ಜಾಲರಿ ಬಾಗಿಲುಗಳು. ಮೊದಲನೆಯದು ಪೂರ್ತಿ ಮುಚ್ಚಿದ ಮೇಲೆಯೇ ಎರಡನೆಯದನ್ನು ತೆರೆಯಬೇಕು. ಅಕ್ಕ ಅವಸರದಲ್ಲಿ ಎರಡನ್ನೂ ಒಟ್ಟಿಗೆ ತಳ್ಳಿದಾಗ ಸಿಬ್ಬಂದಿ ಓಡಿಬಂದು, ‘ಅಮ್ಮಾ, ಒಂದು ಸೊಳ್ಳೆ ಒಳಗೆ ಬಂದರೂ ಇಷ್ಟೆಲ್ಲ ಮಾಡಿದ್ದು ದಂಡ’ ಎಂದರು. ಕಿಟಕಿಗಳಿಗೂ ಬಚ್ಚಲಿನ ಗವಾಕ್ಷಿಗೂ ಸಣ್ಣ ಕಣ್ಣಿನ ಜಾಲರಿ. ಬೆಳಿಗ್ಗೆ ಸಂಜೆ ಥರ್ಮಾಮೀಟರ್. ಭೇಟಿಗೆ ಯಾರನ್ನೂ ಬಿಡುವುದಿಲ್ಲ. ಜೈಲಲ್ಲ ನಿಜ, ಆದರೆ ಹೊರಗೆ ಹೋಗುವಂತಿಲ್ಲ ಎಂದಮೇಲೆ ಹೆಸರು ಏನಾದರೇನು? ಒಂದೇ ಸಮಾಧಾನವೆಂದರೆ, ದಿನಗಳ ಎಣಿಕೆ ಕೀನ್ಯಾ ಬಿಟ್ಟ ಹೊತ್ತಿನಿಂದ ಶುರುವಾಗುತ್ತದೆ, ಇಲ್ಲಿ ಇಳಿದಲ್ಲಿಂದಲ್ಲ.

ನಮ್ಮೊಂದಿಗೆ ಉಗಾಂಡದ ಕಂಪಾಲಾದಲ್ಲಿ ವ್ಯಾಪಾರ ಮುಗಿಸಿ ಬಂದ ಒಬ್ಬರಿದ್ದರು. ಅವರ ಬಳಿ ಕಾರ್ಡ್ ಇತ್ತು, ಲಸಿಕೆಯೂ ನಿಜವಾದದ್ದೇ. ಆದರೆ ಚುಚ್ಚಿಸಿಕೊಂಡು ಇನ್ನೂ ಹತ್ತು ದಿನ ಆಗಿರಲಿಲ್ಲ. ಲಸಿಕೆ ಪಡೆದ 10 ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತವಾಗುವುದು. ಅಲ್ಲಿಯವರೆಗೆ ಅದು ಕೇವಲ ಹಳದಿ ಕಾಗದ. ಇನ್ನೊಬ್ಬರ ಕಾರ್ಡಿನಲ್ಲಿ ಇದ್ದದ್ದು ಹಳೆಯ ಪಾಸ್‌ಪೋರ್ಟಿನ ಸಂಖ್ಯೆ. ಅದೃಷ್ಟಕ್ಕೆ ಹಳೆಯ ಪಾಸ್‌ಪೋರ್ಟನ್ನೂ ಅವರು ಚೀಲದಲ್ಲಿ ಇಟ್ಟುಕೊಂಡಿದ್ದರು, ಅಧಿಕಾರಿ ಎರಡನ್ನೂ ತಾಳೆ ನೋಡಿ ಬಿಟ್ಟುಕೊಟ್ಟರು. ಪಾಸ್‌ಪೋರ್ಟ್ ನವೀಕರಿಸಿದವರು ಇದನ್ನು ನೆನಪಿಡಿ.

ಒಳಗಿನಿಂದಲೇ ಏಜೆಂಟನಿಗೆ ಫೋನ್ ಮಾಡಿದೆವು. ‘ನಾನು ಕೀನ್ಯಾದ ನಿಯಮ ಹೇಳಿದೆ, ಭಾರತದ ನಿಯಮ ನೀವು ತಿಳಿದುಕೊಳ್ಳಬೇಕಿತ್ತು’ ಎಂಬ ಉತ್ತರ ಬಂತು. ಪ್ಯಾಕೇಜಿನ ಕರಪತ್ರದಲ್ಲಿ ‘ಮನೆಯಿಂದ ಮನೆಗೆ ನಮ್ಮ ಹೊಣೆ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದವನೂ ಇವನೇ! ಭಾವ ಮುಖ್ಯವಾಗಿ ಕೇಳಿದ್ದೇ ಲಸಿಕೆಯ ಬಗ್ಗೆ, ಅದೂ ಹಣ ಕಟ್ಟುವ ಮೊದಲು. ಆ ಸಂದೇಶಗಳು ಅಳಿಸಿಹೋಗದಂತೆ ತೆಗೆದಿಟ್ಟುಕೊಂಡಿದ್ದೇವೆ, ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ಪ್ರವಾಸ ವಿಮೆಯವರು ಕೈಚೆಲ್ಲಿದರು: ಪ್ರಯಾಣದ ದಾಖಲೆ ಸರಿಯಿಲ್ಲದೆ ಆದ ನಷ್ಟ ಪಾಲಿಸಿಯಲ್ಲಿ ಇಲ್ಲವಂತೆ. ಆದ್ದರಿಂದ ನಿಮ್ಮ ಏಜೆಂಟನನ್ನು ‘ಅಲ್ಲಿ ಲಸಿಕೆ ಬೇಕೇ’ ಎಂದಷ್ಟೇ ಕೇಳಬೇಡಿ. ಹೋಗುವಾಗ, ನಡುವೆ ವಿಮಾನ ಬದಲಿಸುವಾಗ, ತಿರುಗಿ ಬರುವಾಗ, ಈ ಮೂರು ಕಡೆಗೂ ಉತ್ತರವನ್ನು ಬರಹದಲ್ಲಿ ಪಡೆಯಿರಿ. ವಿಮಾನ ಸಂಸ್ಥೆಗಳ ಕೌಂಟರಿನವರು ದಾಖಲೆ ಪರೀಕ್ಷಿಸಲು ಬಳಸುವ ಟಿಮ್ಯಾಟಿಕ್ ಎಂಬ ಮಾಹಿತಿ ಕೋಶವಿದೆ. ಹಲವು ಸಂಸ್ಥೆಗಳ ಜಾಲತಾಣಗಳಲ್ಲಿ ಪ್ರಯಾಣಿಕರೂ ಅದನ್ನು ನೋಡಬಹುದು. ಎರಡೂ ದಿಕ್ಕಿನ ಪ್ರಯಾಣವನ್ನು ಬೇರೆ ಬೇರೆಯಾಗಿ ಹಾಕಿ ನೋಡಿ.

ಇನ್ನು ಲಸಿಕೆಯ ವಿಚಾರ. ಇದು ಮೂಲೆಯ ಕ್ಲಿನಿಕ್‌ನಲ್ಲಿ ಸಿಗುವ ಚುಚ್ಚುಮದ್ದಲ್ಲ. ಕೇಂದ್ರ ಸರ್ಕಾರ ಗೊತ್ತುಪಡಿಸಿದ ಲಸಿಕಾ ಕೇಂದ್ರಗಳು ಕೊಟ್ಟ ಪ್ರಮಾಣಪತ್ರಕ್ಕೆ ಮಾತ್ರ ಬೆಲೆ, ಅವುಗಳ ಪಟ್ಟಿ ಆರೋಗ್ಯ ಸಚಿವಾಲಯದ ಜಾಲತಾಣದಲ್ಲಿದೆ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುತ್ತದೆ, ಬೆರೆಸಿದ ಮೇಲೆ ಕೆಲವೇ ಗಂಟೆಗಳೊಳಗೆ ಮುಗಿಸಬೇಕು. ಆದ್ದರಿಂದ ಅನೇಕ ಕೇಂದ್ರಗಳು ವಾರದ ಗೊತ್ತಾದ ದಿನಗಳಲ್ಲಿ, ಮೊದಲೇ ಹೆಸರು ಬರೆಸಿದವರಿಗೆ ಮಾತ್ರ ಕೊಡುತ್ತವೆ. ಹೊರಡುವ ಹಿಂದಿನ ವಾರ ಹೋಗಿ ನಿಂತರೆ ಸರದಿಯೂ ಸಿಗಲಿಕ್ಕಿಲ್ಲ, ಸಿಕ್ಕರೂ ಹತ್ತು ದಿನದ ಲೆಕ್ಕ ತಪ್ಪೀತು. ಹಳೆಯ ಕಾರ್ಡ್ ಇರುವವರು ಗಾಬರಿಯಾಗಬೇಕಿಲ್ಲ: ಮೊದಲು 10 ವರ್ಷ ಎಂದಿದ್ದ ಅವಧಿಯನ್ನು 2016ರ ಜುಲೈ 11ರಿಂದ ಜೀವನಪರ್ಯಂತ ಎಂದು ಬದಲಿಸಲಾಗಿದೆ, ಮುಂಚೆ ಕೊಟ್ಟ ಕಾರ್ಡುಗಳಿಗೂ ಇದು ಅನ್ವಯಿಸುತ್ತದೆ.

ಕಾರ್ಡ್ ಕೈಗೆ ಬಂದ ಕೂಡಲೇ ಅಲ್ಲಿಯೇ ನಿಂತು ಓದಿ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು. ಲಸಿಕೆಯ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಕೊಟ್ಟ ದಿನಾಂಕ, ಕೇಂದ್ರದ ಮೊಹರು, ವೈದ್ಯರ ಕೈಬರಹದ ಸಹಿ ಇವೆಲ್ಲ ಬೇಕು. ಸಹಿಯ ಜಾಗದಲ್ಲಿ ಬರೀ ಮೊಹರು ಒತ್ತಿದರೆ ಸಾಲದು. ‘ಚುಚ್ಚಿಸಿಕೊಳ್ಳುವುದೇ ಬೇಡ, ಕಾರ್ಡ್ ಮಾತ್ರ ಮಾಡಿಸಿಕೊಡುತ್ತೇವೆ’ ಎನ್ನುವ ಮಹಾನುಭಾವರೂ ಇದ್ದಾರೆ, ನಮ್ಮ ಏಜೆಂಟ್ ಕೂಡ ಆಮೇಲೆ ಅಂಥದ್ದೇ ಮಾತಾಡಿದ. ಅವರ ಹತ್ತಿರವೂ ಸುಳಿಯಬೇಡಿ. ಕ್ವಾರಂಟೈನ್ ಆದರೆ ಕೆಲವು ದಿನ ಹೋಗುತ್ತವೆ, ನಕಲಿ ದಾಖಲೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಸುತ್ತದೆ.

ಎಲ್ಲರೂ ಈ ಲಸಿಕೆ ಪಡೆಯುವಂತಿಲ್ಲ ಎಂಬುದನ್ನೂ ಹೇಳಬೇಕು. ಇದು ಬದುಕಿರುವ, ಆದರೆ ದುರ್ಬಲಗೊಳಿಸಿದ ವೈರಸ್‌ನಿಂದ ಮಾಡಿದ್ದು. ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆ ಅಥವಾ ಚಿಕಿತ್ಸೆ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. 9 ತಿಂಗಳೊಳಗಿನ ಕೂಸುಗಳಿಗೂ ಸಾಮಾನ್ಯವಾಗಿ ಇಲ್ಲ. ಗರ್ಭಿಣಿಯರು, 60 ದಾಟಿದವರ ವಿಷಯದಲ್ಲಿ ವೈದ್ಯರು ತೂಗಿ ನೋಡಿ ನಿರ್ಧರಿಸುತ್ತಾರೆ. ಭಾವನಿಗೂ ಅರವತ್ತಾಗಿದೆ. ‘ಹಣ ಕಟ್ಟುವ ಮೊದಲೇ ಇದು ಗೊತ್ತಿದ್ದರೆ ವೈದ್ಯರನ್ನು ಕೇಳಿ, ಬೇಡವೆಂದರೆ ಬೇರೆ ದೇಶ ನೋಡುತ್ತಿದ್ದೆ’ ಎಂದು ಅವರು ಇಂದಿಗೂ ಗೊಣಗುತ್ತಾರೆ, ನ್ಯಾಯವಾಗಿಯೇ. ವೈದ್ಯಕೀಯ ಕಾರಣದ ಪತ್ರ ಹಿಡಿದುಕೊಂಡು ಹೋಗುವವರು ಟಿಕೆಟ್ ತೆಗೆಯುವ ಮೊದಲೇ ತಾವು ಬಂದು ಇಳಿಯುವ ವಿಮಾನ ನಿಲ್ದಾಣದ ಆರೋಗ್ಯ ಕಚೇರಿಯನ್ನು ವಿಚಾರಿಸಿ. ಪತ್ರವಿದೆ ಎಂದ ಮಾತ್ರಕ್ಕೆ ಬಾಗಿಲು ತೆರೆಯುತ್ತದೆ ಎಂದುಕೊಳ್ಳಬೇಡಿ.

ಕೀನ್ಯಾಕ್ಕೇ ಹೋಗದವರೂ ಬೀಳುವ ಗುಂಡಿ ಒಂದಿದೆ. ದಕ್ಷಿಣ ಆಫ್ರಿಕಾ ಹಳದಿ ಜ್ವರದ ಪಟ್ಟಿಯಲ್ಲಿಲ್ಲ. ಆದರೆ ಅಲ್ಲಿಗೆ ಅಗ್ಗದ ಟಿಕೆಟ್ ಹುಡುಕಿದರೆ ಆಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ವಿಮಾನ ಬದಲಿಸಬೇಕಾಗಬಹುದು, ಆ ಎರಡೂ ಊರುಗಳು ಪಟ್ಟಿಯ ದೇಶಗಳಲ್ಲಿವೆ. ವಿಮಾನ ನಿಲ್ದಾಣದ ಒಳಗೇ ಇದ್ದು ಮುಂದಿನ ವಿಮಾನ ಹತ್ತಿದವರಿಗೆ ಭಾರತ ವಿನಾಯಿತಿ ಕೊಡುತ್ತದೆ. ಕಾಯುವ ಹೊತ್ತು ಜಾಸ್ತಿಯಿದೆ ಎಂದು ವಿಮಾನ ಸಂಸ್ಥೆ ಕೊಡುವ ಪುಕ್ಕಟೆ ಹೋಟೆಲಿಗೆ ಹೋಗಿ ಮಲಗಿ ಬಂದಿರೋ, ನೀವು ಆ ದೇಶದೊಳಗೆ ಕಾಲಿಟ್ಟಂತೆ, ವಿನಾಯಿತಿ ಹೋಯಿತು. ಪಟ್ಟಿಯ ದೇಶಗಳಲ್ಲಿ 12 ಗಂಟೆಗಿಂತ ಹೆಚ್ಚು ತಂಗಿ ಬಂದವರನ್ನು ದಕ್ಷಿಣ ಆಫ್ರಿಕಾದವರೂ ಕಾರ್ಡ್ ಕೇಳುತ್ತಾರೆ. ಇದನ್ನು ಕೇಂದ್ರದ ವೈದ್ಯರೇ ನಮಗೆ ಬಿಡಿಸಿ ಹೇಳಿದ್ದು. ‘ಹೋಟೆಲ್ ಕೂಪನ್ ಸಿಕ್ಕಿತೆಂದು ಖುಷಿಯಲ್ಲಿ ಬಂದು ಇಲ್ಲಿ ಸಿಕ್ಕಿಬೀಳುವವರು ಇದ್ದಾರೆ’ ಎಂದು ನಕ್ಕರು.

ಕೀನ್ಯಾದ ಜೊತೆಗೆ ತಾಂಜಾನಿಯಾವನ್ನೂ ಸೇರಿಸಿದ ಪ್ಯಾಕೇಜ್ ನಿಮ್ಮದಾಗಿದ್ದರೆ ತೊಂದರೆ ಇನ್ನೂ ಬೇಗ ಎದುರಾಗುತ್ತದೆ. ಮಸಾಯಿ ಮಾರ ನೋಡಿ ಸೆರೆಂಗೆಟಿಗೆ ಹೋಗುವ ಗುಂಪುಗಳು ಸಾಮಾನ್ಯ, ಆದರೆ ಕೀನ್ಯಾದಿಂದ ಬರುವವರನ್ನು ತಾಂಜಾನಿಯಾ ಈ ಕಾರ್ಡ್ ಕೇಳುತ್ತದೆ. ಉಗಾಂಡವಂತೂ ಯಾವ ದೇಶದಿಂದ ಬಂದರೂ ಕೇಳುತ್ತದೆ.

ಕೀನ್ಯಾದ ಬಾಕಿ ನಿಯಮಗಳಲ್ಲಿ ನಮಗೆ ತೊಂದರೆಯಾಗಲಿಲ್ಲ, ಆದರೂ ತಿಳಿದಿರಲಿ. 2024ರ ಜನವರಿಯಿಂದ ‘ವೀಸಾ ಬೇಡ’ ಎಂದು ಜಾಹೀರಾತು ಹಾಕುತ್ತಾರೆ. ವೀಸಾ ಬದಲು ಇಟಿಎ ಎಂಬ ಮುಂಗಡ ಅನುಮತಿಯನ್ನು ಆನ್‌ಲೈನ್‌ನಲ್ಲಿ ಪಡೆಯಬೇಕು. ಸರ್ಕಾರದ ಮೂಲ ಶುಲ್ಕ 30 ಡಾಲರ್. ಸರ್ಕಾರಿ ಜಾಲತಾಣದಂತೆಯೇ ಕಾಣುವ ಖಾಸಗಿ ತಾಣಗಳು ಹೆಚ್ಚಿಗೆ ಹಣ ಕೀಳುತ್ತವೆ, ಹಣ ಕಟ್ಟುವ ಮೊದಲು ವಿಳಾಸ ನೋಡಿ. ಪಾಸ್‌ಪೋರ್ಟಿಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಪ್ಲಾಸ್ಟಿಕ್ ಕೈಚೀಲಗಳಿಗೆ ಅಲ್ಲಿ 2017ರ ಆಗಸ್ಟ್‌ನಿಂದ ನಿಷೇಧವಿದೆ, ನಡುದಾರಿಯ ಡ್ಯೂಟಿ ಫ್ರೀ ಅಂಗಡಿಯ ಚೀಲವನ್ನೂ ನಿಲ್ದಾಣದಲ್ಲೇ ಬಿಟ್ಟು ಹೋಗಬೇಕು. ಅನುಮತಿಯಿಲ್ಲದ ಡ್ರೋನನ್ನು ಕಸ್ಟಮ್ಸ್‌ನವರು ಹಿಡಿದಿಟ್ಟುಕೊಳ್ಳುತ್ತಾರೆ. ದಂತದ ಬಳೆ, ಹವಳ, ಪ್ರಾಣಿಗಳ ಚರ್ಮ ಯಾರಾದರೂ ಮಾರಲು ಬಂದರೆ ಕೈಯಲ್ಲಿ ಹಿಡಿದು ನೋಡುವ ಆಸೆಯೂ ಬೇಡ. ಮಸಾಯಿ ಮಾರದ ಕಡೆ ಮಲೇರಿಯಾ ಇದೆ, ಅದರ ಮಾತ್ರೆಯ ಬಗ್ಗೆ ಲಸಿಕೆಗೆ ಹೋದ ದಿನವೇ ವೈದ್ಯರನ್ನು ಕೇಳಿ.

ಕಾರ್ಡಿಲ್ಲದೆ ಈಗಾಗಲೇ ಅಲ್ಲಿಗೆ ಹೋಗಿ ಇದನ್ನು ಓದುತ್ತಿರುವವರಿಗೆ ಇರುವುದು ಎರಡೇ ದಾರಿ. ಪಟ್ಟಿಯಲ್ಲಿಲ್ಲದ ಬೇರೊಂದು ದೇಶದಲ್ಲಿ 6 ದಿನ ದಾಟುವವರೆಗೆ ಇದ್ದು ಬರುವುದು ಒಂದು. ಅದಕ್ಕೆ ಆ ದೇಶದ ವೀಸಾ ಮತ್ತು ಖರ್ಚು ಎರಡೂ ಬೇಕು, ಆ ದೇಶವೂ ಕಾರ್ಡ್ ಕೇಳುತ್ತದೆಯೇ ಎಂದು ಮೊದಲು ನೋಡಬೇಕು. ಇಲ್ಲವಾದರೆ ಕ್ವಾರಂಟೈನ್‌ಗೆ ಸಿದ್ಧರಾಗಿ ಬನ್ನಿ: ದಿನನಿತ್ಯದ ಮಾತ್ರೆಗಳನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಿ, ಕಚೇರಿಗೆ ಮೊದಲೇ ತಿಳಿಸಿ, ನಿಮ್ಮ ಊರಿಗೆ ಮುಂದಿನ ವಿಮಾನದ ಟಿಕೆಟನ್ನು ಬದಲಿಸಬಹುದಾದಂಥದ್ದೇ ತೆಗೆಯಿರಿ. ವೈಲ್ಡ್‌ಬೀಸ್ಟ್ ಹಿಂಡುಗಳು ಮಾರ ನದಿ ದಾಟುವುದನ್ನು ನೋಡಲು ಜುಲೈನಿಂದ ಅಕ್ಟೋಬರ್ ನಡುವೆ ಹೊರಡುವವರು, ವಿಮಾನದ ಟಿಕೆಟ್ ತೆಗೆದ ದಿನವೇ ಲಸಿಕಾ ಕೇಂದ್ರದಲ್ಲಿಯೂ ಹೆಸರು ಬರೆಸಿಬಿಡಿ.