ನಾಲ್ಕು ಹಳೆಯ ಆರ್‌ಪಿಜಿ, ಹೊಸ ಹುಡುಗನ ಕೈಯಲ್ಲಿ

ಅಕ್ಕನ ಮಗ ಹುಟ್ಟಿದ್ದು 2006ರಲ್ಲಿ. ನಾನು ಊಟ ನಿದ್ದೆ ಬಿಟ್ಟು ಆಡಿದ ಆರ್‌ಪಿಜಿಗಳೆಲ್ಲ (ಪಾತ್ರವೊಂದನ್ನು ಬೆಳೆಸುತ್ತಾ ಆಡುವ ಗೇಮ್‌ಗಳು) ಅವನಿಗಿಂತ ದೊಡ್ಡವು, ಒಂದು ಮಾತ್ರ ಅವನ ವಾರಿಗೆಯದು. ರಜೆಗೆ ನಮ್ಮನೆಗೆ ಬಂದವನು, "ಮಾವಾ, ನೀವು ಅಷ್ಟು ಹೊಗಳೋ ಹಳೇ ಗೇಮ್ ಕೊಡಿ, ಆಡಿ ನೋಡ್ತೀನಿ" ಅಂದ. ನನಗೂ ಅದೇ ಬೇಕಿತ್ತು. ನಾನೇ ಆಡಿದರೆ ನೆನಪು ಅಡ್ಡ ಬರುತ್ತದೆ, ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಅವನಿಗೆ ಆ ನೆನಪಿಲ್ಲ. ನಾಲ್ಕು ರೀಮಾಸ್ಟರ್, ಅಂದರೆ ಹಳೆಯ ಆಟವನ್ನೇ ತಿದ್ದಿ ಬಿಟ್ಟ ಹೊಸ ರೂಪ, ಹಾಕಿಕೊಂಡೆ. ಒಂದೇ ಕಂಪ್ಯೂಟರ್, ಎರಡು ಕುರ್ಚಿ, ಆರು ವಾರ.

ಮೊದಲು ಡಿಯಾಬ್ಲೊ 2 ರಿಸರೆಕ್ಟೆಡ್. ಮೂಲ ಆಟ 2000ದ್ದು, ಹೊಸ ರೂಪ 2021ರದ್ದು. ಇದರಲ್ಲಿ ಜಿ ಕೀ ಒತ್ತಿದರೆ ಆಟದ ಮಧ್ಯದಲ್ಲೇ ಹೊಸ ಚಿತ್ರ ಹೋಗಿ ಹಳೆಯದು ಬರುತ್ತದೆ. ಅವನು ಒತ್ತಿದ. ಪರದೆ ಎರಡೂ ಪಕ್ಕದಲ್ಲಿ ಕಿರಿದಾಯಿತು, ಹುಲ್ಲು ಬರೀ ಚುಕ್ಕಿಗಳಾಯಿತು. "ಇದನ್ನ ಆಡ್ತಿದ್ರಾ ನೀವು?" ಅಂತ ನನ್ನ ಮುಖ ನೋಡಿದ. ಆದರೆ ಎದುರಿಗಿದ್ದ ಅಸ್ಥಿಪಂಜರ ಅದೇ ಜಾಗದಲ್ಲಿತ್ತು, ಅದೇ ಹೆಜ್ಜೆ ಇಡುತ್ತಿತ್ತು. ಮೇಲಿನ ಬಣ್ಣ ಹೊಸದು, ಒಳಗೆ ಓಡುವುದು ಹಳೆಯ ಆಟವೇ.

ಹಾಗಾಗಿ ಹಳೆಯ ಕಿರಿಕಿರಿಯೂ ಹಾಗೇ ಉಳಿದಿದೆ. ಚೀಲದಲ್ಲಿ 40 ಮನೆ, ಒಂದು ಎದೆಗವಚವೇ ಅದರಲ್ಲಿ 6 ಮನೆ ತಿನ್ನುತ್ತದೆ. ಸ್ವಲ್ಪ ಓಡಿದರೆ ದಮ್ಮು ಮುಗಿಯುತ್ತದೆ. ಸತ್ತರೆ ಹೆಣ ಬಿದ್ದಲ್ಲಿಗೇ ಹೋಗಿ ಸಾಮಾನು ತರಬೇಕು. ಆದರೂ ಮೂರು ರಾತ್ರಿ ಅವನು ಎದ್ದೇಳಲಿಲ್ಲ. ಉಂಗುರವೊಂದು ನೆಲಕ್ಕೆ ಬಿದ್ದು ಟಿಣ್ ಅಂದರೆ ಸಾಕು, ಹುಡುಗ ಮುಂದಕ್ಕೆ ಬಾಗುತ್ತಿದ್ದ. ಚಿನ್ನವನ್ನು ಈಗ ಒಂದೊಂದೇ ಕ್ಲಿಕ್ ಮಾಡಿ ಎತ್ತಬೇಕಿಲ್ಲ, ಮೇಲೆ ನಡೆದರೆ ಸಾಕು. ಒಂದು ಪಾತ್ರಕ್ಕೆ ಸಿಕ್ಕಿದ್ದನ್ನು ಇನ್ನೊಂದಕ್ಕೆ ಕೊಡಲು ಎಲ್ಲರಿಗೂ ಸೇರಿದ ಪೆಟ್ಟಿಗೆ ಇದೆ. ಇವೆರಡೇ ಬದಲಾವಣೆ ಎಷ್ಟು ಹಗುರ ಮಾಡಿವೆ ಅಂತ ಹಳೆಯದನ್ನು ಆಡಿದವರಿಗೆ ಗೊತ್ತಾಗುತ್ತದೆ. ನನ್ನ ಲೆಕ್ಕದಲ್ಲಿ ಇದು ಪಾಸು, ಅದೂ ಒಳ್ಳೆ ಅಂಕದಲ್ಲಿ.

ಎರಡನೆಯದು ಬಾಲ್ಡರ್ಸ್ ಗೇಟ್, 1998ರ ಆಟ, 2012ರಲ್ಲಿ ಎನ್‌ಹಾನ್ಸ್ಡ್ ಎಡಿಷನ್ ಆಗಿ ಬಂತು. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ. ಅದಕ್ಕೇ ಇಲ್ಲಿ ನಡೆದದ್ದು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು.

ಅವನು ಮಾಂತ್ರಿಕನನ್ನು ಆರಿಸಿಕೊಂಡ. ಮೊದಲ ಲೆವೆಲ್‌ನ ಮಾಂತ್ರಿಕನ ಜೀವ ಹೆಚ್ಚೆಂದರೆ ಐದಾರು ಅಂಕ, ಕೈಯಲ್ಲಿ ಒಂದೋ ಎರಡೋ ಮಂತ್ರ. ಕಥೆ ಹೇಳಿದ ಹಾಗೆ ಫ್ರೆಂಡ್ಲಿ ಆರ್ಮ್ ಇನ್ ಎಂಬ ಛತ್ರಕ್ಕೆ ಹೋದ. ಒಳಗೆ ಜೊತೆಗೆ ಸೇರಬೇಕಾದ ಖಾಲಿದ್, ಜಹೀರಾ ಕಾಯುತ್ತಿದ್ದಾರೆ. ಮೆಟ್ಟಿಲ ಮೇಲೆ ಒಬ್ಬ ಮಾತಾಡಿಸಿದ. ಉತ್ತರ ಕೊಡುವಷ್ಟರಲ್ಲಿ ಹೆದರಿಸುವ ಮಂತ್ರ ಹಾಕಿದ. ನಮ್ಮವರು ದಿಕ್ಕಾಪಾಲಾಗಿ ಓಡಿದರು, ಕೈಗೇ ಸಿಗಲಿಲ್ಲ. ಸತ್ತ. ಹುಡುಗ ಸೇವ್ ಮಾಡಿದ್ದಲ್ಲಿಂದ ಲೋಡ್ ಮಾಡಿದ. ಮತ್ತೆ ಸತ್ತ. ಆರು ಸಲ.

"ನನ್ನ ಏಟು ಯಾಕೆ ತಾಗೋದೇ ಇಲ್ಲ?" ಅಂದ. ಏಟು ತಾಗುತ್ತದೋ ಇಲ್ಲವೋ ಅಂತ ಲೆಕ್ಕ ಹಾಕುವ ಥ್ಯಾಕೊ ಅಂಕವನ್ನು ವಿವರಿಸಿದೆ. ಇದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ದಾಳದಾಟದ ಹಳೆಯ ನಿಯಮ, ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ನಿನ್ನ ಥ್ಯಾಕೊ 20, ಎದುರಾಳಿಯ ರಕ್ಷಣೆ 5 ಅಂದುಕೋ. ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಮೇಲೆ ಬಿದ್ದರೆ ಮಾತ್ರ ತಾಗುತ್ತದೆ. ಅಂದರೆ ಹತ್ತು ಏಟಿನಲ್ಲಿ ಏಳು ಗಾಳಿಗೆ. ಅವನು ಲೆಕ್ಕ ಹಾಕಿ ಸುಮ್ಮನಾದ. ಮಾರನೇ ದಿನ ಆ ಆಟದ ಹೆಸರೇ ಎತ್ತಲಿಲ್ಲ.

ರೀಮಾಸ್ಟರ್ ಇಲ್ಲಿ ಏನೂ ಮಾಡಿಲ್ಲ ಅಂತಲ್ಲ. ಚಿತ್ರವನ್ನು ಹತ್ತಿರ ಎಳೆಯಬಹುದು, ನೆಲದ ಸಾಮಾನು ಒಂದೇ ಪಟ್ಟಿಯಲ್ಲಿ ಕಾಣುತ್ತದೆ, ಹೊಸ ಜೊತೆಗಾರರೂ ಇದ್ದಾರೆ. ಆದರೆ ಮೊದಲ ಐದು ಗಂಟೆಯ ಒರಟುತನ ಹಾಗೇ ಇದೆ. ಆ ಐದು ಗಂಟೆ ದಾಟಿದವನಿಗೆ ಸಿಗುವ ನಾಡು ಎಂಥದ್ದು! ಕಬ್ಬಿಣ ಮುಟ್ಟಿದರೆ ಪುಡಿಯಾಗುವ ಊರು, ತಲೆಗೆ ಗಟ್ಟಿ ಪೆಟ್ಟು ತಿಂದ ಜೊತೆಗಾರ ಮಿನ್ಸ್ಕ್, ಅವನ ಹ್ಯಾಮ್‌ಸ್ಟರ್ ಬೂ. ಹೊಸಬರಿಗೆ ನನ್ನ ಸಲಹೆ ನೇರ: ಕತ್ತಿ ಹಿಡಿದವನನ್ನು ಆರಿಸಿ, ಸ್ಟೋರಿ ಮೋಡ್ ಹಾಕಿ, ನಾಚಿಕೊಳ್ಳಬೇಡಿ. ಆ ಮೋಡ್‌ನಲ್ಲಿ ನಿಮ್ಮವರು ಸಾಯುವುದಿಲ್ಲ. ನಾನು ಅವನಿಗೆ ಮೊದಲೇ ಇದನ್ನು ಹೇಳಬೇಕಿತ್ತು.

ಮೂರನೆಯದು ಅವನ ವಾರಿಗೆಯ ಆಟ, ಅಬ್ಲಿವಿಯನ್. ರೀಮಾಸ್ಟರ್ 2025ರ ಏಪ್ರಿಲ್ 22ರಂದು ಬಂತು, ಘೋಷಣೆ ಮತ್ತು ಬಿಡುಗಡೆ ಒಂದೇ ದಿನ. ಕಣ್ಣಿಗೆ ಕಾಣುವುದನ್ನು ಅನ್‌ರಿಯಲ್ ಎಂಜಿನ್ 5 ಎಂಬ ತಂತ್ರಾಂಶ ಬಿಡಿಸುತ್ತದೆ, ಒಳಗಿನ ಲೆಕ್ಕವೆಲ್ಲ ಹಳೆಯ ಎಂಜಿನ್ನಿನದು. ಕತ್ತಲ ಚರಂಡಿಯಿಂದ ಹೊರಬಂದು ಸರೋವರ, ಬೆಟ್ಟ ಕಂಡಾಗ ಇಬ್ಬರೂ ಮಾತಾಡಲಿಲ್ಲ.

ಆದರೆ ನನಗೆ ಮುಖ್ಯವಾದದ್ದು ಚಿತ್ರವಲ್ಲ. ಹಳೆಯ ಆಟದಲ್ಲಿ ಲೆವೆಲ್ ಏರುವಾಗ ಬಲ ಎಷ್ಟು ಹೆಚ್ಚಬೇಕು ಅನ್ನುವುದು, ನೀವು ಯಾವ ವಿದ್ಯೆಯನ್ನು ಎಷ್ಟು ಸಲ ಬಳಸಿದಿರಿ ಅನ್ನುವುದರ ಮೇಲೆ ನಿಂತಿತ್ತು. ಪೂರ್ತಿ 5 ಅಂಕ ಬೇಕಾದರೆ ಆ ಬಲಕ್ಕೆ ಸೇರಿದ ವಿದ್ಯೆಗಳನ್ನು 10 ಸಲ ಏರಿಸಬೇಕಿತ್ತು. ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಆಡಿದವನು. ಲೆಕ್ಕ ತಪ್ಪಿದರೆ ರಾಕ್ಷಸರು ಬೆಳೆಯುತ್ತಾರೆ, ನೀವು ಬೆಳೆಯುವುದಿಲ್ಲ. ಈಗ ಪ್ರತಿ ಲೆವೆಲ್‌ಗೆ 12 ಅಂಕ ಕೈಗೆ ಕೊಡುತ್ತಾರೆ, ಬೇಕಾದಲ್ಲಿ ಹಂಚಿಕೊಳ್ಳಿ. ಅವನಿಗೆ ನೋಟ್‌ಬುಕ್ ಕತೆ ಹೇಳಿದರೆ ನಂಬಲಿಲ್ಲ. ಇಡೀ ಆಟದ ಅತ್ಯಂತ ದೊಡ್ಡ ರಿಪೇರಿ ಇದೇ, ಜಾಹೀರಾತಿನಲ್ಲಿ ಕಾಣದೇ ಇರುವಂಥದ್ದು.

ಒಂದು ಹಳೆಯ ಗಾಯ ಉಳಿದಿದೆ. ನೀವು ಬೆಳೆದಂತೆ ದಾರಿಗಳ್ಳರೂ ಬೆಳೆಯುತ್ತಾರೆ. ಗಾಜಿನ ಕವಚ ಅಂದರೆ ಆ ನಾಡಿನಲ್ಲಿ ದುಬಾರಿ ಸಾಮಾನು, ಅದನ್ನು ತೊಟ್ಟ ಕಳ್ಳ ನೂರು ಚಿನ್ನಕ್ಕೆ ಕೈ ಚಾಚುತ್ತಾನೆ! "ಅದನ್ನೇ ಮಾರಬಾರ್ದಾ ಇವನು?" ಅಂದ ಹುಡುಗ. ಸರಿಯಾದ ಪ್ರಶ್ನೆ. 30 ಗಂಟೆಯ ಹೊತ್ತಿಗೆ ಅವನ ಉತ್ಸಾಹ ಇಳಿದದ್ದು ಇದರಿಂದಲೇ. ಇನ್ನು ಡಿಸ್ಕ್‌ನಲ್ಲಿ ನೂರು ಜಿಬಿಗಿಂತ ಜಾಸ್ತಿ ಜಾಗ ಬೇಕು, ನೋಡಿಕೊಂಡು ತಗೊಳ್ಳಿ.

ಕೊನೆಗೆ ಫೈನಲ್ ಫ್ಯಾಂಟಸಿ 6ರ ಪಿಕ್ಸೆಲ್ ರೀಮಾಸ್ಟರ್. 1994ರ ಆಟ, ನಾಲ್ಕರಲ್ಲಿ ಎಲ್ಲಕ್ಕಿಂತ ಹಳೆಯದು. ಚಿತ್ರ ಈಗಲೂ ಚುಕ್ಕಿ ಚುಕ್ಕಿಯೇ. ಇದನ್ನು ಅವನು ಒಂದು ಗಂಟೆಯಲ್ಲಿ ಬಿಡುತ್ತಾನೆ ಅಂದುಕೊಂಡಿದ್ದೆ. ಪೂರ್ತಿ ಮುಗಿಸಿದ್ದು ಇದೊಂದನ್ನೇ.

ಯಾಕೆ ಅಂತ ಪಕ್ಕದಲ್ಲಿ ಕೂತೇ ನೋಡಿದೆ. ಹಳೆಯ ಜಪಾನಿ ಆರ್‌ಪಿಜಿಗಳಲ್ಲಿ ನಾಲ್ಕು ಹೆಜ್ಜೆಗೊಂದು ಜಗಳ ಎದುರಾಗುತ್ತದೆ. ಇದರಲ್ಲಿ ಅದನ್ನು ಬೇಕೆಂದಾಗ ನಿಲ್ಲಿಸಬಹುದು. ಅನುಭವದ ಅಂಕವನ್ನು ನಾಲ್ಕು ಪಟ್ಟು ಮಾಡಬಹುದು. ಗುಹೆಯಲ್ಲಿ ದಾರಿ ತಪ್ಪಿದಾಗ ಅವನು ಜಗಳ ಆಫ್ ಮಾಡಿದ, ಪೆಟ್ಟಿಗೆಗಳನ್ನೆಲ್ಲ ಹುಡುಕಿದ, ಬಾಸ್, ಅಂದರೆ ದೊಡ್ಡ ಎದುರಾಳಿ, ಹತ್ತಿರ ಬಂದಾಗ ಆನ್ ಮಾಡಿ ಒಂದಷ್ಟು ಲೆವೆಲ್ ಏರಿಸಿಕೊಂಡ. ಆಟದವರು ಎಲ್ಲವನ್ನೂ ಸುಲಭ ಮಾಡಿಬಿಟ್ಟಿಲ್ಲ, ಸ್ವಿಚ್ಚನ್ನು ಆಡುವವನ ಕೈಗೆ ಕೊಟ್ಟಿದ್ದಾರೆ. ಬಾಲ್ಡರ್ಸ್ ಗೇಟ್‌ನ ಸ್ಟೋರಿ ಮೋಡ್ ಎಲ್ಲಾ ಜಗಳವನ್ನೂ ಒಟ್ಟಿಗೆ ಸಪ್ಪೆ ಮಾಡುತ್ತದೆ. ಇಲ್ಲಿ ಬೇಡದ ಹೊತ್ತಿಗೆ ಮಾತ್ರ ಬಿಡುವು.

ಒಪೆರಾ ದೃಶ್ಯದ ದಿನ ನಾನೂ ಕೆಲಸ ಬಿಟ್ಟು ಕೂತೆ. ಆಟದ ಪಾತ್ರಗಳಲ್ಲೊಬ್ಬಳಾದ ಸೆಲೆಸ್ ರಂಗದ ಮೇಲೆ ನಿಲ್ಲುತ್ತಾಳೆ, ಹಾಡಿನ ಮುಂದಿನ ಸಾಲು ಯಾವುದು ಅಂತ ನಾವೇ ಆರಿಸಬೇಕು. ಹಳೆಯದರಲ್ಲಿ ದನಿಯ ಬದಲು ಯಂತ್ರದ ಸ್ವರ ಬರುತ್ತಿತ್ತು, ಪದಗಳನ್ನು ನಾವೇ ಓದಿಕೊಳ್ಳುತ್ತಿದ್ದೆವು. ಈಗ ನಿಜವಾದ ಗಾಯಕಿಯ ದನಿ ಇದೆ. ಅವಳು ಹೂವಿನ ಗೊಂಚಲು ಹಿಡಿದು ಮೇಲೆ ಹತ್ತುವಾಗ ಹುಡುಗ ಮೌಸಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದ.

ಊರಿಗೆ ಹೊರಡುವ ಹಿಂದಿನ ರಾತ್ರಿ ಅವನೇ ಕೇಳಿದ, "ಮಾವಾ, ಆ ಛತ್ರದ ಮೆಟ್ಟಿಲವನು ಇನ್ನೂ ಅಲ್ಲೇ ನಿಂತಿರ್ತಾನಾ?" ನಿಂತಿರ್ತಾನೆ ಅಂದೆ. ಸೇವ್ ಅಳಿಸಿಲ್ಲ. ದಸರಾ ರಜೆಗೆ ಬರುತ್ತಾನಂತೆ.