ರಾಯಚೂರಿನ ಬಿಸಿಲಲ್ಲಿ ಎರೆಹುಳು ತೊಟ್ಟಿ: ಎರಡು ವರ್ಷ ಬಳಸಿದ ಮೇಲೆ

ಮನೆ ಗಿಡಗಳಿಗೆ ಎರೆಹುಳು ತೊಟ್ಟಿ ತಗೊಳ್ಳಬೇಕಾ, ಇಲ್ಲ ಹಿತ್ತಲಲ್ಲಿ ತಿಪ್ಪೆಗುಂಡಿಯೇ ಸಾಕಾ ಅಂತ ನಮ್ಮ ಭಾಗದವರು ತುಂಬಾ ಜನ ಕೇಳುತ್ತಾರೆ. ತೊಟ್ಟಿ ತಗೊಳ್ಳಿ. ಆದರೆ ಬೇಸಿಗೆಯಲ್ಲಿ ಮಾತ್ರ ಶುರು ಮಾಡಬೇಡಿ.

ನಾನು ಮಾಡಿದ್ದು ಅದೇ ತಪ್ಪು. ಏಪ್ರಿಲ್ ಕೊನೆಗೆ ಆನ್‌ಲೈನ್‌ನಲ್ಲಿ ಚೀಲದಂಥ ಹಸಿರು ತೊಟ್ಟಿ, ಜೊತೆಗೆ 1 ಕೆಜಿ ಹುಳು ತರಿಸಿದೆ. ಪಾರ್ಸೆಲ್ ಬಂದು ಸೇರಲು ನಾಲ್ಕು ದಿನ ಹಿಡಿಯಿತು. ಬಿಚ್ಚಿದರೆ ಅರ್ಧ ಹುಳು ಸತ್ತು ನಾರುತ್ತಿದ್ದವು. ಮಾರಿದವರಿಗೆ ಫೋಟೋ ಕಳಿಸಿದೆ, ಜೀವ ಇರುವ ಮಾಲಿಗೆ ಗ್ಯಾರಂಟಿ ಇಲ್ಲ ಅಂದುಬಿಟ್ಟರು. ಈ ಬಿಸಿಲಲ್ಲಿ ಕಳಿಸಬಾರದು ಅಂತ ಅವರೇ ಮೊದಲು ಹೇಳಬೇಕಿತ್ತು ಅಲ್ವಾ? ಉಳಿದ ಹುಳುಗಳೂ ಎರಡು ವಾರದಲ್ಲಿ ಹೋದವು. ಎರೆಹುಳಕ್ಕೆ 20ರಿಂದ 30 ಡಿಗ್ರಿ ಹಿತ, 35 ದಾಟಿದರೆ ತಡೆಯುವುದಿಲ್ಲ. ನಮ್ಮಲ್ಲಿ ಮೇ ತಿಂಗಳು 40 ದಾಟುತ್ತದೆ.

ತೊಟ್ಟಿ ಮಾತ್ರ ಗಟ್ಟಿಯಾಗಿದೆ, ಅದರಲ್ಲಿ ಕೊರತೆ ಇಲ್ಲ. ಮಳೆ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ, ಮಾನ್ವಿ ಕಡೆಯ ರೈತರೊಬ್ಬರ ಹತ್ತಿರ ಹೋಗಿ ಸಗಣಿ ಸಮೇತ ಹುಳು ತಂದೆ. ಈ ಸಲ ತೊಟ್ಟಿಯನ್ನು ಮನೆಯ ಬಡಗಣ ಗೋಡೆಯ ನೆರಳಿಗೆ ಇಟ್ಟು, ಮೇಲೆ ಜೋಳದ ದಂಟಿನ ಚಪ್ಪರ ಹಾಕಿದೆ (ತಗಡು ಬೇಡ, ಕಾದು ಒಲೆಯಾಗುತ್ತದೆ), ಹಸಿ ಗೋಣಿಚೀಲ ಹೊದಿಸಿದೆ. ಹಸಿ ಸಗಣಿಯೂ ಕಾವೇರುತ್ತದೆ, ಅದಕ್ಕೇ 15-20 ದಿನ ಹಳೆಯದನ್ನೇ ಹಾಕಿದೆ. ಎರಡು ತಿಂಗಳಿಗೆ ಚಹಾಪುಡಿಯಂಥ ಕಪ್ಪು ಗೊಬ್ಬರ ಸಿಕ್ಕಿತು, ಮೊದಲ ಮಳೆಯ ಮಣ್ಣಿನ ವಾಸನೆ! ನಮ್ಮ ಎರೆಮಣ್ಣು ಕುಂಡದಲ್ಲಿ ಒಣಗಿದರೆ ಬಿರುಕು ಬಿಟ್ಟು ಕಲ್ಲಾಗುತ್ತದಲ್ಲ, ಕುಂಡಕ್ಕೆ ಎರಡು ಹಿಡಿಯಂತೆ ತಿಂಗಳಿಗೊಮ್ಮೆ ಬೆರೆಸುತ್ತ ಬಂದ ಮೇಲೆ ಅದು ಬೆರಳಿಂದ ಕೆದಕುವಷ್ಟು ಸಡಿಲ ಆಯಿತು. ಮಲ್ಲಿಗೆ, ಪುಂಡಿ, ಬದನೆ ಎಲ್ಲ ಚೇತರಿಸಿಕೊಂಡವು.

ಹಾಗಂತ ಅವ್ವನ ತಿಪ್ಪೆಗುಂಡಿ ಮುಚ್ಚಿಲ್ಲ, ಮುಚ್ಚುವುದೂ ಇಲ್ಲ. ಗೊಬ್ಬರ ಆಗಲು ಐದಾರು ತಿಂಗಳು ಬೇಕು, ನಿಜ. ಆದರೆ ಹುಳಕ್ಕೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ನಿಂಬೆ ಸಿಪ್ಪೆ, ಖಾರ-ಎಣ್ಣೆ ಬಿದ್ದ ಅನ್ನ ಆಗುವುದಿಲ್ಲ, ನಮ್ಮ ಅಡುಗೆಮನೆಯಲ್ಲಿ ಉಳಿಯುವುದೇ ಜಾಸ್ತಿ ಅವು. ಅನ್ನ ಬಿಟ್ಟು ಉಳಿದದ್ದೆಲ್ಲ ತಿಪ್ಪೆಗೆ ಹೋಗುತ್ತದೆ, ಅನ್ನ ಎಮ್ಮೆಗೆ. ಕಳೆ ಕಿತ್ತದ್ದೂ ತಿಪ್ಪೆಗೇ ಹಾಕಿ. ಚೆನ್ನಾಗಿ ಒಟ್ಟಿ ನೀರು ಚಿಮುಕಿಸಿದ ತಿಪ್ಪೆಯ ಒಳಗೆ ಕಾವು 55 ಡಿಗ್ರಿ ದಾಟುತ್ತದೆ, ಕಳೆ ಬೀಜ ಬೆಂದುಹೋಗುತ್ತದೆ. ಎರೆಹುಳು ತೊಟ್ಟಿ ಬಿಸಿಯಾಗುವುದಿಲ್ಲ, ಬೀಜ ಹಾಗೇ ಉಳಿಯುತ್ತದೆ. ನನ್ನ ಮಲ್ಲಿಗೆ ಕುಂಡದಲ್ಲಿ ಟೊಮೆಟೊ ಸಸಿ ಎದ್ದಿದ್ದು ಹಾಗೇ.

ಇನ್ನೊಂದು, ತೊಟ್ಟಿಗೆ ದಿನವೂ ಕೈ ಬೇಕು. ಕೆಂಪು ಇರುವೆ ಹತ್ತದಂತೆ ಕಾಯಬೇಕು, ಬೇಸಿಗೆಯಲ್ಲಿ ಎರಡು ಹೊತ್ತು ನೀರು ಚಿಮುಕಿಸಬೇಕು, ಅದೂ ಹಿಂಡಿದರೆ ಒಂದೆರಡು ಹನಿ ಬರುವಷ್ಟೇ ಹಸಿ ಇರಬೇಕು. ಹೋದ ವರ್ಷ ವಾರದ ಮಟ್ಟಿಗೆ ಊರಿಗೆ ಹೊರಟಾಗ ಪಕ್ಕದ ಮನೆಯವರಿಗೆ ನೀರಿನ ಕೆಲಸ ಒಪ್ಪಿಸುತ್ತಿದ್ದೆ. ಅವ್ವ ಅಂದಳು, 'ತಮ್ಮಾ, ನನ್ನ ತಿಪ್ಪಿ ಯಾರನ್ನೂ ಕೇಳಂಗಿಲ್ಲ ನೋಡು.' ನಿಜ. ದಿನಾ ಹತ್ತು ನಿಮಿಷ ಕೊಡಲು ಆಗದವರು ತಿಪ್ಪೆಯನ್ನೇ ನಂಬಿ.

ಈಗ ನಾನು ಒಣ ಎಲೆ, ಸಗಣಿ ಮೊದಲು ತಿಪ್ಪೆಯಲ್ಲಿ ಮೂರು ವಾರ ಕೊಳೆಸಿ, ಕಾವು ಆರಿಸಿ, ಆಮೇಲೆ ಹುಳಕ್ಕೆ ಹಾಕುತ್ತೇನೆ. ಹುಳು ಬೇಗ ತಿನ್ನುತ್ತವೆ, ಸಾಯುವುದೂ ಕಡಿಮೆ ಆಗಿದೆ.

ತೊಟ್ಟಿಯಲ್ಲಿ ಈಗ ಹುಳು ತುಂಬಿವೆ. ರಾಯಚೂರಿನವರು ಯಾರಿಗಾದರೂ ಬೇಕಿದ್ದರೆ ದೀಪಾವಳಿ ಹೊತ್ತಿಗೆ ತೂತು ಮಾಡಿದ ಡಬ್ಬಿ ತನ್ನಿ, ಸಗಣಿ ಸಮೇತ ಕೊಡುತ್ತೇನೆ.